ಕಿವಿ ಬಿಸಿಯಾದಾಗ ಎಲೆ ಕೆಳಗಿಡಿ

2025ರ ಬೇಸಿಗೆಯ ಒಂದು ಸಂಜೆ. ಬಳ್ಳಾರಿಯ ಬಿಸಿಲು ಇಳಿದರೂ ಗೋಡೆ ಇನ್ನೂ ಕಾದೇ ಇತ್ತು. ಕೌಲ್ ಬಜಾರ್ ಕಡೆಯವರೊಬ್ಬರು ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಬಂದರು. 31 ವರ್ಷ. ಜೀನ್ಸ್ ಹೊಲಿಸುವ ಸಣ್ಣ ಯೂನಿಟ್ ಇಟ್ಟುಕೊಂಡವರು. ಅರ್ಧ ಗಂಟೆ ನಿದ್ದೆಯ ಮಾತೇ ಆಯಿತು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ಸಾರ್, ಎಲೆ ನನ್ ಮ್ಯಾಲೆ ಹಗೆ ಸಾಧಿಸ್ತಾ ಐತೆ."

ಆಪ್ತ ಸಮಾಲೋಚನೆಯ ಕೆಲಸದಲ್ಲಿ ಎಷ್ಟೋ ಸಲ ನಿಜವಾದ ಮಾತು ಬಾಗಿಲ ಹತ್ತಿರವೇ ಬರುತ್ತದೆ. ಮತ್ತೆ ಒಳಗೆ ಕರೆದು ಕೂರಿಸಿದೆ.

ಫೋನಿನಲ್ಲಿ ಪೋಕರ್, ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಆಟ. ಒಂಬತ್ತು ದಿನ ಸತತ ಸೋಲು. ಒಂಬತ್ತನೇ ರಾತ್ರಿ ಕೈಗೆ ಜೋಡಿ ಎಕ್ಕ ಬಂದಿತ್ತು. ಪೋಕರ್ ಗೊತ್ತಿಲ್ಲದವರಿಗೆ ಒಂದು ಮಾತು: ಅದರ ಹೆಚ್ಚು ಆಡುವ ಬಗೆಯಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲಿಗೆ ಜೋಡಿ ಎಕ್ಕಕ್ಕಿಂತ ದೊಡ್ಡ ಕೈ ಇಲ್ಲ. ಎದುರಿನವನ ಹತ್ತಿರ ಜೋಡಿ ಏಳು. ನಡುವಿನ ನಾಲ್ಕು ಎಲೆ ಬಿದ್ದರೂ ಎಕ್ಕವೇ ಮುಂದಿತ್ತು. ಐದನೇ ಎಲೆ, ಮೂರನೇ ಏಳು. ಜೋಡಿಗಿಂತ ಮೂರು ದೊಡ್ಡದು.

"ಅಲ್ಲಿ ಎಷ್ಟು ಹೋಯಿತು?" ಅಂತ ಕೇಳಿದೆ. 4,000 ರೂಪಾಯಿ.

"ಆಮೇಲೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 40 ನಿಮಿಷದಲ್ಲಿ 46,000. ಕೆಲಸಗಾರರಿಗೆ ಶನಿವಾರ ಬಟವಾಡೆ ಮಾಡಬೇಕಿದ್ದ ದುಡ್ಡು.

ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಈ ಕಡೆ 4,000, ಆ ಕಡೆ 46,000. ಮೊದಲನೆಯದು ಅದೃಷ್ಟದ ಲೆಕ್ಕ. ಎರಡನೆಯದು ಸಿಟ್ಟಿನ ಲೆಕ್ಕ. ಅವರು ಎರಡನ್ನೂ ಸೇರಿಸಿ 'ಎಲೆ ಕೈಕೊಡ್ತು' ಅಂತ ಒಂದೇ ಖಾತೆಗೆ ಬರೆದುಕೊಂಡಿದ್ದರು. ಆಟದ ಸಂಕಟ ಹೊತ್ತು ನನ್ನ ಹತ್ತಿರ ಬರುವ ಬಹುತೇಕ ಎಲ್ಲರದೂ ಇದೇ ಕಥೆ. ಅದೃಷ್ಟದ ಖಾತೆ ಚಿಕ್ಕದು, ಸಿಟ್ಟಿನ ಖಾತೆ ಹತ್ತು ಪಟ್ಟು.

ಈ ಸ್ಥಿತಿಗೆ ಪೋಕರ್ ಆಡುವವರು 'ಟಿಲ್ಟ್' ಅನ್ನುತ್ತಾರೆ. ಪಿನ್‌ಬಾಲ್ ಅಂತ ಹಳೆಯ ಯಂತ್ರದ ಆಟವೊಂದಿತ್ತು. ಸೋಲುವ ಸಿಟ್ಟಿಗೆ ಆಡುವವನು ಯಂತ್ರವನ್ನೇ ಹಿಡಿದು ಅಲ್ಲಾಡಿಸಿದರೆ 'ಟಿಲ್ಟ್' ಅಂತ ದೀಪ ಹತ್ತಿ, ಆಟ ಅಲ್ಲಿಗೇ ನಿಲ್ಲುತ್ತಿತ್ತು. ಆ ಯಂತ್ರವಾದರೂ ನಿಲ್ಲುತ್ತಿತ್ತು. ಫೋನು ನಿಲ್ಲುವುದಿಲ್ಲ, ಮುಂದಿನ ಆಟ ಮೂರು ಸೆಕೆಂಡಿಗೆ ಸಿದ್ಧ.

ಮುಂದಿನ ವಾರ ಅವರು ಬಂದಾಗ ನಾನೊಂದು ಇಸ್ಪೀಟು ಕಟ್ಟು ತರಿಸಿಟ್ಟಿದ್ದೆ. ಎರಡು ಎಕ್ಕ ಅವರ ಮುಂದೆ, ಎರಡು ಏಳು ನನ್ನ ಮುಂದೆ. ಉಳಿದ 48 ಎಲೆ ಕಲಸಿ ಐದು ಎಲೆ ತೆರೆಯುವುದು, ಯಾರು ಗೆದ್ದರು ಅಂತ ಬರೆಯುವುದು. ಹೀಗೆ 20 ಸಲ. ದುಡ್ಡಿಲ್ಲ, ಏನೂ ಇಲ್ಲ. ಜೋಡಿ ಎಕ್ಕ ಜೋಡಿ ಏಳಿನ ಎದುರು ನೂರಕ್ಕೆ ಸುಮಾರು 80 ಸಲ ಗೆಲ್ಲುತ್ತದೆ. ಅಂದರೆ 20ರಲ್ಲಿ ನಾಲ್ಕು ಸಲದಷ್ಟು ಸೋಲಬೇಕು. ಅಷ್ಟು ಸೋಲು ಅದರ ಹುಟ್ಟಿನಲ್ಲೇ ಇದೆ.

ಹನ್ನೊಂದನೇ ಸಲದವರೆಗೆ ನಗುತ್ತಾ ಎಲೆ ತೆರೆದರು. ಹನ್ನೆರಡನೆಯದರಲ್ಲಿ ಏಳು ಬಿತ್ತು. ಹದಿಮೂರರಲ್ಲೂ ಬಿತ್ತು. ಹದಿನಾಲ್ಕರಲ್ಲಿ ಮತ್ತೆ ಬಿತ್ತು. ನಾನು ಎಲೆ ನೋಡುವುದು ಬಿಟ್ಟು ಅವರನ್ನು ನೋಡುತ್ತಿದ್ದೆ. ಕಿವಿಯ ತುದಿ ಕೆಂಪಾಗಿತ್ತು. ಉಸಿರು ಎದೆಯ ಮೇಲ್ಭಾಗಕ್ಕೆ ಏರಿತ್ತು. ಎಲೆಗಳನ್ನು ನನ್ನ ಕೈಯಿಂದ ಹೆಚ್ಚುಕಮ್ಮಿ ಕಿತ್ತುಕೊಂಡು, "ಕೊಡ್ರಿ ಸಾರ್, ನಾನೇ ಕಲಸ್ತೀನಿ" ಅಂದರು.

"ಸ್ವಲ್ಪ ನಿಲ್ಲಿ. ಕಿವಿ ಮುಟ್ಟಿ ನೋಡಿಕೊಳ್ಳಿ" ಅಂದೆ.

ಮುಟ್ಟಿಕೊಂಡರು. ಬಿಸಿಯಾಗಿತ್ತು. ಒಂದು ರೂಪಾಯಿಯೂ ಇಲ್ಲದ ಆಟದಲ್ಲಿ. ಅವರ ಮುಖದಲ್ಲಿ ಬಂದ ಅಚ್ಚರಿ ನನಗೆ ಇನ್ನೂ ನೆನಪಿದೆ. ಒಂಬತ್ತು ದಿನದ ಸೋಲು ಕಲಿಸದ್ದನ್ನು ಆ ಕಿವಿ ಕಲಿಸಿತು.

ಸಿಟ್ಟು ಮೊದಲು ಮೈಗೆ ಬರುತ್ತದೆ, ತಲೆಗೆ ಆಮೇಲೆ. ಎದೆ ಬಡಿತ ಏರುತ್ತದೆ, ದವಡೆ ಬಿಗಿಯುತ್ತದೆ, ಬೆರಳು ಬೇಗ ಬೇಗ ಓಡುತ್ತದೆ. ಕೆಲವರಿಗೆ ಕಾಲು ಅಲ್ಲಾಡುತ್ತದೆ. ಇನ್ನು ಕೆಲವರಿಗೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಆ ಹೊತ್ತಿಗೆ ಮುಂದಿನದನ್ನು ಅಳೆದು ತೂಗುವ ಬುದ್ಧಿ ಹಿಂದೆ ಸರಿದಿರುತ್ತದೆ. ಆದರೆ ಆಡುವವರಿಗೆ ಹಾಗೆ ಅನ್ನಿಸುವುದೇ ಇಲ್ಲ. ಈಗ ನನಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ ಅಂತಲೇ ಅನ್ನಿಸುತ್ತದೆ. ಅಪಾಯ ಇರುವುದು ಅಲ್ಲೇ. ಹಾಗಾಗಿ 'ಸಿಟ್ಟು ಬಂದಿದೆಯಾ' ಅಂತ ಮನಸ್ಸನ್ನು ಕೇಳಬೇಡಿ, ಅದು ಇಲ್ಲ ಅಂತಲೇ ಹೇಳುತ್ತದೆ. ಮೈಯನ್ನು ಕೇಳಿ. ನಿಮ್ಮ ಗುರುತು ಯಾವುದು, ಕಿವಿಯೋ, ದವಡೆಯೋ, ಕಾಲೋ, ಅದನ್ನು ಮೊದಲೇ ಕಂಡುಕೊಳ್ಳಿ.

ಇನ್ನೊಂದು ಗುಣ ಎಲ್ಲ ಮನುಷ್ಯರದು. ಡೇನಿಯಲ್ ಕಾನೆಮನ್, ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿ ಇದರ ಬಗ್ಗೆ ಬರೆದರು. ಲಾಭದಲ್ಲಿ ಇರುವಾಗ ನಾವು ಹುಷಾರಾಗಿರುತ್ತೇವೆ. ನಷ್ಟದಲ್ಲಿ ಇರುವಾಗ ಅದೇ ನಾವು, ಹೋದದ್ದನ್ನು ಸಮ ಮಾಡಿಕೊಳ್ಳಲು, ಮೊದಲಾಗಿದ್ದರೆ ಮುಟ್ಟದ ಅಪಾಯಕ್ಕೂ ಕೈ ಹಾಕುತ್ತೇವೆ. ಗೆಲುವಿನ ಸಂತೋಷಕ್ಕಿಂತ ಸೋಲಿನ ನೋವು ಜಾಸ್ತಿ ತೂಕ. ಅದನ್ನು ಬೇಗ ಇಳಿಸಿಬಿಡಬೇಕು ಅನ್ನುವ ಅವಸರವೇ ಪಣ ಏರಿಸುತ್ತದೆ.

ನಮ್ಮ ಸೀಮೆಯವರಿಗೆ ಇದರ ಮೇಲೆ ಇನ್ನೊಂದು ಕಷ್ಟ ಇದೆ ಅಂತ ನನ್ನ ಅಭಿಪ್ರಾಯ. ಇಲ್ಲಿಯ ಎರೆ ಹೊಲದಲ್ಲಿ ಮೂರು ವರ್ಷ ಮಳೆ ಕೈಕೊಟ್ಟರೂ ನಾಲ್ಕನೇ ವರ್ಷ ಬಿತ್ತುವವನಿಗೆ ಮರ್ಯಾದೆ. ಬೀಜಕ್ಕೆ ಸಾಲ ತಂದಾದರೂ ಬಿತ್ತುತ್ತಾನೆ. ಬಿಟ್ಟು ಕೂತವನನ್ನು ಊರು ಒಪ್ಪುವುದಿಲ್ಲ. 'ಈ ಸಲ ಬಂದೇ ಬರ್ತೈತೆ' ಅನ್ನುವ ಮಾತು ನಮಗೆ ಹಾಲಿನ ಜೊತೆ ಬಂದದ್ದು. ಹೊಲದಲ್ಲಿ ಅದು ದೊಡ್ಡ ಗುಣ. ನೆಲ ಉಳಿದಿರುತ್ತದೆ, ಬಿತ್ತದೆ ಬೆಳೆ ಇಲ್ಲ, ಸೋಲಿಗೆ ಹುಡುಕಿದರೆ ಕಾರಣವೂ ಸಿಗುತ್ತದೆ. ಅದೇ ಗುಣವನ್ನು ಎಲೆಯ ಮುಂದೆ ತಂದು ಕೂರಿಸಿದರೆ ಅದು ಮನೆ ತೆಗೆಯುತ್ತದೆ. ಕಲಸಿದ ಎಲೆಗೆ ಹಿಂದಿನ ಆಟದ ಋಣ ಇಲ್ಲ. 1913ರ ಆಗಸ್ಟ್ 18ರಂದು ಯುರೋಪಿನ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ಕೆಂಪು, ಕಪ್ಪು ಮನೆಗಳ ತಿರುಗುವ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮೇಲೆ ಬಿತ್ತು. ಇನ್ನು ಕೆಂಪು ಬಂದೇ ಬರಬೇಕು ಅಂತ ಜನ ಕೆಂಪಿನ ಮೇಲೆ ಕಟ್ಟಿ ಕಟ್ಟಿ ಕಳೆದುಕೊಂಡರು. ಅವರೂ ನಾಲ್ಕನೇ ವರ್ಷದ ಮಳೆಗೆ ಕಾಯುತ್ತಿದ್ದವರೇ.

ಸರಿ, ಸತತ ಸೋಲು ಅನ್ನುವುದು ಎಷ್ಟು ಸಹಜ? ನೂರು ದಿನದಲ್ಲಿ 60 ದಿನ ಗೆದ್ದು ಏಳುವ ಒಳ್ಳೆಯ ಆಟಗಾರನನ್ನೇ ತೆಗೆದುಕೊಳ್ಳಿ. ಅಂಥವನು 200 ದಿನ ಕೂತರೆ, ನಡುವೆ ಎಲ್ಲೋ ಒಂದು ಸಲ ಸತತ ಐದು ದಿನ ಸೋಲುವ ಸಾಧ್ಯತೆ ನೂರಕ್ಕೆ ಸುಮಾರು 70. ಯಾರೂ ಮಾಟ ಮಾಡಿಸಿಲ್ಲ, ಶನಿ ಹಿಡಿದಿಲ್ಲ. ಲೆಕ್ಕವೇ ಹಾಗಿದೆ.

ಆದರೆ ಇದನ್ನು ಕೇಳಿ ಸಮಾಧಾನ ಮಾಡಿಕೊಳ್ಳುವ ಮುಂಚೆ ಇನ್ನೊಂದು ಮಾತು ಕೇಳಿ. ದುಡ್ಡಿನ ಪೋಕರ್ ನಡೆಸುವವರು ಆಟದ ದುಡ್ಡಿನಲ್ಲಿ ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ಅದಕ್ಕೆ 'ರೇಕ್' ಅನ್ನುತ್ತಾರೆ. ಹಾಗಾಗಿ ಆಡುವವರೆಲ್ಲರನ್ನೂ ಸೇರಿಸಿ ನೋಡಿದರೆ ಒಟ್ಟು ಲೆಕ್ಕ ಯಾವಾಗಲೂ ನಷ್ಟವೇ. ಹೆಚ್ಚಿನವರಿಗೆ ಸೋಲಿನ ಸರಣಿ ನಡುವೆ ಬಂದ ಗ್ರಹಚಾರ ಅಲ್ಲ, ಅದೇ ಅವರ ಮಾಮೂಲು ದಾರಿ. ಇದು ಕಹಿ ಮಾತು. ಆದರೂ ಎದುರು ಕೂತವರಿಗೆ ನಾನು ಹೇಳಿಯೇ ಹೇಳುತ್ತೇನೆ.

ನೀವು ಯಾವ ಗುಂಪಿನವರು ಅಂತ ತಿಳಿಯಲು ಪುಸ್ತಕ ಇಡಿ. ಅಂಗಡಿಯವರು ಇಡುವಂಥ ಉದ್ದನೆಯ ಲೆಕ್ಕದ ಪುಸ್ತಕ ಸಾಕು. ಗೆದ್ದದ್ದು, ಸೋತದ್ದು ಎರಡೂ ಇರಲಿ. ಅದರ ಜೊತೆ, ಮನಸ್ಸು ಕದಡಿದ ಒಂದು ಆಟವನ್ನು ಬರೆಯಿರಿ: ಆಗ ಏನು ಗೊತ್ತಿತ್ತು, ಏನು ಮಾಡಿದಿರಿ. ಏನಾಯಿತು ಅನ್ನುವುದನ್ನು ಕೊನೆಗೆ ಬರೆಯಿರಿ. ಎಕ್ಕದ ಮೇಲೆ ದುಡ್ಡು ಕಟ್ಟಿದ್ದು ಸರಿಯಾದ ನಿರ್ಧಾರ, ಸೋತದ್ದು ಬೇರೆ ಮಾತು. ಆಮೇಲಿನ 40 ನಿಮಿಷದಲ್ಲಿ ಒಂದು ನಿರ್ಧಾರವೂ ಸರಿ ಇರಲಿಲ್ಲ. ಬರೆಯುವುದು ಮರುದಿನ ಬೆಳಿಗ್ಗೆ, ಟೀ ಕುಡಿದ ಮೇಲೆ. ರಾತ್ರಿ ಬರೆದರೆ ಬರೀ ಬೈಗುಳ ಬರುತ್ತದೆ.

ಕೂರುವ ಮುಂಚೆಯೇ ಎರಡು ಗೆರೆ ಹಾಕಿಕೊಳ್ಳಿ. ಇಷ್ಟು ದುಡ್ಡು, ಇಷ್ಟು ಗಂಟೆ. ಅದಕ್ಕಿಂತ ಜಾಸ್ತಿ ದುಡ್ಡು ಕೈಗೆ ಸಿಗದ ಹಾಗೆ ಇರಬೇಕು. ಬಟವಾಡೆಯ ದುಡ್ಡು ಇರುವ ಖಾತೆ ಫೋನಿನ ಯುಪಿಐಗೆ ಸೇರಿರಬಾರದು. 'ನಾನು ತಡೆದುಕೊಳ್ತೀನಿ' ಅಂತ ತಂಪು ಹೊತ್ತಿನಲ್ಲಿ ಕೊಟ್ಟ ಮಾತು ಬಿಸಿ ಹೊತ್ತಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಮನೋಬಲ ಕಮ್ಮಿ ಅಂತಲ್ಲ, ಎಲ್ಲರದೂ ಹಾಗೆಯೇ. ಕೀಲಿ ಬೇರೆಯವರ ಹತ್ತಿರ ಇದ್ದರೆ ಮಾತ್ರ ಬಾಗಿಲು ಮುಚ್ಚಿರುತ್ತದೆ.

ಕಿವಿ ಬಿಸಿಯಾಯಿತೇ? ಎಲೆ ಕೆಳಗಿಟ್ಟು ಎದ್ದುಬಿಡಿ. 'ಇದೊಂದು ಆಟ ಮುಗಿಸಿ' ಬೇಡ. ಹೊರಗೆ ಹೋಗಿ, ನೀರು ಕುಡಿಯಿರಿ, ನಡೆಯಿರಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಕನಿಷ್ಠ 20 ನಿಮಿಷ ಅಂತ ನಾನು ಹೇಳುತ್ತೇನೆ. ಆಮೇಲೂ ಆ ಕೊನೆಯ ಎಲೆಯೇ ಕಣ್ಣ ಮುಂದೆ ಬರುತ್ತಿದ್ದರೆ ಅವತ್ತಿನ ಆಟ ಮುಗಿಯಿತು. ಕುಡಿದು ಆಡುವುದು, ನಿದ್ದೆಗೆಟ್ಟು ಆಡುವುದು ಇವೆರಡರ ಬಗ್ಗೆ ಉದ್ದ ಹೇಳಬೇಕಿಲ್ಲ, ಬೇಡ ಅಂದರೆ ಬೇಡ.

'ಸುಮ್ನೆ ಆಡಬೇಡಿ ಅಂತ ಹೇಳಿ ಕಳಿಸಬಾರದಾ' ಅಂತ ಸ್ನೇಹಿತರು ನನ್ನನ್ನು ಕೇಳುತ್ತಾರೆ. ಮೊದಲ ವರ್ಷಗಳಲ್ಲಿ ಹಾಗೇ ಹೇಳಿ ಕಳಿಸುತ್ತಿದ್ದೆ. ಅವರು ಆಡುವುದನ್ನು ಬಿಡಲಿಲ್ಲ, ನನ್ನ ಹತ್ತಿರ ಹೇಳುವುದನ್ನು ಬಿಟ್ಟರು.

ಪೂರ್ತಿ ಬಿಡಲೇಬೇಕಾದವರೂ ಇದ್ದಾರೆ, ಅದನ್ನು ನೇರವಾಗಿಯೇ ಹೇಳುತ್ತೇನೆ. ಹೋದದ್ದನ್ನು ತರಲು ಮರುದಿನವೇ ಮತ್ತೆ ಕೂರುವುದು, ಮನೆಯಲ್ಲಿ ಸುಳ್ಳು ಹೇಳುವುದು, ಮೀಟರ್ ಬಡ್ಡಿಗೆ ಸಾಲ ತರುವುದು, ಬಿಡಲು ನೋಡಿದಾಗ ಚಡಪಡಿಕೆ. ಇವು ಕಂಡರೆ ಅದು ಕಾಯಿಲೆಯ ಹಾದಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಜೂಜಿನ ಚಟವನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿದೆ. ಅದಕ್ಕೆ ಚಿಕಿತ್ಸೆ ಇದೆ. ನಾವಿನ್ನೂ ವಿಮ್ಸ್ ಅಂತಲೇ ಕರೆಯುವ ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಬಹುದು. ಮುಖ ತೋರಿಸಲು ನಾಚಿಕೆ ಆದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲದ ಭಾರಕ್ಕೆ ಬದುಕೇ ಬೇಡ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯವರೂ ಅಂಥವರನ್ನು ಒಂಟಿಯಾಗಿ ಬಿಡಬೇಡಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ. ಆಡಿದವರಿಗೆ ಅಲ್ಲ. ಸಹಾಯ ಕೇಳಿದರೆ ಕೇಸ್ ಆಗುತ್ತೆ ಅಂತ ಹೆದರಿ ಕೂತವರನ್ನು ಕಂಡಿದ್ದೇನೆ, ಅದಕ್ಕೇ ಬಿಡಿಸಿ ಬರೆದೆ.

ಕೌಲ್ ಬಜಾರಿನವರ ಮುಂದೆ ಉಳಿದಿದ್ದ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಮನೆಯಲ್ಲಿ ಹೇಳುವುದು. ಹೆಂಡತಿಗೆ ಗೊತ್ತಿದ್ದದ್ದು ಐದು ಸಾವಿರ. ಸುಳ್ಳು ಮುಚ್ಚಲು ದುಡ್ಡು ಬೇಕು, ದುಡ್ಡಿಗೆ ಮತ್ತೆ ಆಟ ಬೇಕು. ಆ ಸುತ್ತು ಅಲ್ಲೇ ಕಡಿಯಬೇಕಿತ್ತು. ಮೂರನೇ ವಾರ ಇಬ್ಬರೂ ಬಂದರು. ಗೆರೆ ಎಳೆದ ಹಾಳೆಯನ್ನು ಅವರೇ ಹೆಂಡತಿಯ ಮುಂದಿಟ್ಟರು. ಆಕೆ ಬಹಳ ಹೊತ್ತು ಎರಡು ಅಂಕಿಗಳನ್ನು ನೋಡಿದರು. ಅತ್ತರು. ಆಮೇಲೆ ಕೇಳಿದರು: "ರೀ, ಅವತ್ತು ನಾಲ್ಕು ಸಾವಿರ ಹೋದ ಕೂಡ್ಲೆ ನನ್ನನ್ನ ಎಬ್ಬಿಸಿದ್ರೆ ಆಗ್ತಿರ್ಲಿಲ್ವಾ?"

ಅವರು ಈಗ ಫೋನಿನಲ್ಲಿ ಆಡುವುದಿಲ್ಲ. ಮೊನ್ನೆ ದೀಪಾವಳಿಗೆ ಅಣ್ಣತಮ್ಮಂದಿರು ಮನೆಯಲ್ಲಿ ಬರೀ ಪಾಯಿಂಟಿಗೆ ರಮ್ಮಿ ಹಾಕಿದ್ದರಂತೆ. ಮರುದಿನ ಪುಸ್ತಕದ ಆ ಪುಟದ ಫೋಟೋ ಕಳಿಸಿದ್ದರು. ಒಂದೇ ಸಾಲು ಇತ್ತು: "9:40, ಸತತ ನಾಲ್ಕು ಸೋಲು, ಕಿವಿ ಬಿಸಿ, ಎದ್ದು ಮಕ್ಕಳ ಜೊತೆ ಪಟಾಕಿಗೆ ಹೋದೆ."