ಯಾವ ದಿನದ ಕಾಯ್ದೆ?

ಭೂಸುಧಾರಣೆಯ ಮೇಲೆ ಬರೆಯುವ ಸಂಶೋಧನಾರ್ಥಿಗಳ ಕರಡಿನಲ್ಲಿ ಒಂದು ಅಡಿಟಿಪ್ಪಣಿ ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961, ಕಲಂ 44’. ಅದರ ಮೇಲಿನ ವಾಕ್ಯ, ‘1961ರಲ್ಲಿ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು’ ಎಂದಿರುತ್ತದೆ. ಟಿಪ್ಪಣಿಯಲ್ಲಿ ಕಾಯ್ದೆಯ ಹೆಸರು ಸರಿ, ಕಲಮೂ ಸರಿ. ಇತಿಹಾಸ ಮಾತ್ರ ತಪ್ಪು.

ಶಾಸನಸಭೆಯಲ್ಲಿ ಇದು ಹುಟ್ಟಿದ್ದು ಮೈಸೂರು ಭೂ ಸುಧಾರಣಾ ಕಾಯ್ದೆಯಾಗಿ. ಶೀರ್ಷಿಕೆಯ ವರ್ಷ 1961. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1962ರಲ್ಲಿ, ಹಾಗಾಗಿ ಅದರ ಸಂಖ್ಯೆ 1962ರ 10ನೇ ಕಾಯ್ದೆ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಬದಲಾದ ಬಳಿಕ ‘ಮೈಸೂರು’ ಹೋಗಿ ‘ಕರ್ನಾಟಕ’ ಬಂತು. ಗೇಣಿದಾರರು ಇಂದಿಗೂ ನೆನೆಯುವ ಬದಲಾವಣೆ ತಂದದ್ದು 1973ರ ತಿದ್ದುಪಡಿ ಕಾಯ್ದೆ. ಅದರ ಸಂಖ್ಯೆ 1974ರ 1, ಜಾರಿಯಾದದ್ದು 1974ರ ಮಾರ್ಚ್ 1ರಂದು. ಮೂಲ ಕಾಯ್ದೆಯಲ್ಲಿ ಸ್ವಂತ ಸಾಗುವಳಿಗೆಂದು ಜಮೀನು ಬಿಡಿಸಿಕೊಳ್ಳಲು ಧಣಿಗೆ ದಾರಿ ಇತ್ತು. ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಗುತ್ತದೆ ಎನ್ನುವ ಇಂದಿನ 44ನೇ ಕಲಂ ತಿದ್ದುಪಡಿಯ ಕೂಸು. ಅದನ್ನು 1961ಕ್ಕೆ ಹಚ್ಚಿದರೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಕೆಲಸವನ್ನು ಹಿಂದಿನ ಮುಖ್ಯಮಂತ್ರಿ ಬಿ.ಡಿ. ಜತ್ತಿಯವರ ಕಾಲಕ್ಕೆ ದಾನ ಮಾಡಿದಂತಾಯಿತು.

ಈ ತಪ್ಪಿನ ಬೇರು ಇರುವುದು ನಾವು ಕಾಯ್ದೆ ಹುಡುಕುವ ವಿಧಾನದಲ್ಲೇ. ಇಂಡಿಯಾ ಕೋಡ್ ಜಾಲತಾಣದಲ್ಲಿ, ನಮ್ಮ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕಾಯ್ದೆ ಕ್ಷಣದಲ್ಲಿ ಸಿಗುತ್ತದೆ. ಸಿಗುವುದು ಈಚಿನ ತಿದ್ದುಪಡಿಗಳನ್ನೆಲ್ಲ ಹೊಲಿದು ಸೇರಿಸಿದ ಪಾಠ. ವಕೀಲರಿಗೆ ಬೇಕಾದದ್ದು ಬಹುಮಟ್ಟಿಗೆ ಅದೇ. ಇತಿಹಾಸಕಾರನಿಗೆ ಅದು ಬಾಗಿಲು, ಅಷ್ಟೇ. ಆ ಪಾಠದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘1974ರ 1ನೇ ಕಾಯ್ದೆಯಿಂದ ಬದಲಿಸಲಾಗಿದೆ, 1-3-1974ರಿಂದ ಜಾರಿ’ ಎಂಬಂಥ ಸಾಲುಗಳಿರುತ್ತವೆ. ಹೆಚ್ಚಿನವರು ದಾಟಿ ಹೋಗುವ ಜಾಗವದು. ನಾನು ಮಾತ್ರ ಓದು ಶುರುಮಾಡುವುದೇ ಅಲ್ಲಿಂದ. ತಿದ್ದುಪಡಿಯ ಸಂಖ್ಯೆ ಸಿಕ್ಕರೆ ಆ ವರ್ಷದ ರಾಜ್ಯಪತ್ರ ಹುಡುಕಬಹುದು. ಕಾಯ್ದೆಯಾಗುವ ಮೊದಲು ಮಸೂದೆಯಾಗಿ ಅಚ್ಚಾದಾಗ ಜೊತೆಗಿದ್ದ ಉದ್ದೇಶ ಮತ್ತು ಕಾರಣಗಳ ಹೇಳಿಕೆಯೂ ಅಲ್ಲೇ. ಅದಕ್ಕೂ ಹಿಂದೆ ಹೋಗಬೇಕೆಂದರೆ ಬಿ.ಡಿ. ಜತ್ತಿ ಅಧ್ಯಕ್ಷತೆಯ ಗೇಣಿ ಕಾನೂನು ಸಮಿತಿಯ ವರದಿ, 1958ರ ಮಸೂದೆ, ಸದನದ ನಡಾವಳಿ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಶಾಸಕಾಂಗದ ಗ್ರಂಥಾಲಯ, ಹಳೆಯ ವಿಶ್ವವಿದ್ಯಾಲಯಗಳ ಕಾನೂನು ವಿಭಾಗ, ಈ ಮೂರು ಕಡೆ ಕೇಳಿ ನೋಡಿ. ಕೇಳುವಾಗ ಕಾಯ್ದೆಯ ಹೆಸರಿಗಿಂತ ಸಂಖ್ಯೆ, ವರ್ಷ ಹೇಳಿದರೆ ಕಪಾಟು ಬೇಗ ತೆರೆಯುತ್ತದೆ.

ಸಂಖ್ಯೆಯ ವರ್ಷ ಶೀರ್ಷಿಕೆಯ ವರ್ಷವೇ ಆಗಿರಬೇಕೆಂದಿಲ್ಲ, ನೆನಪಿರಲಿ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಶೀರ್ಷಿಕೆ 1982, ಸಂಖ್ಯೆ 1984ರ 1.

ಕಾಲದಷ್ಟೇ ಕಾಡುವುದು ಪ್ರದೇಶ. 1958ರಲ್ಲಿ ಉಡುಪಿಯ ಚಾಲಗೇಣಿ (ಕಾಯಂ ಹಕ್ಕಿಲ್ಲದ ಗೇಣಿ) ಒಕ್ಕಲಿಗೆ ಯಾವ ಕಾನೂನು? 1952ರ ಮೈಸೂರು ಗೇಣಿ ಕಾಯ್ದೆ ಎಂದು ಬರೆದವರಿದ್ದಾರೆ, ರಾಜ್ಯ ಒಂದಾಗಿತ್ತಲ್ಲ ಎಂಬ ಧೈರ್ಯದಿಂದ. ರಾಜ್ಯ ಒಂದಾದರೂ ಕಾನೂನು ಒಂದಾಗಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ ಆಯಾ ಪ್ರದೇಶದ ಹಳೆಯ ಕಾನೂನನ್ನು ಅದೇ ಎಲ್ಲೆಯೊಳಗೆ ಉಳಿಸಿತ್ತು. ಹಾಗಾಗಿ ಧಾರವಾಡಕ್ಕೆ 1948ರ ಮುಂಬಯಿ ಗೇಣಿ ಕಾಯ್ದೆ, ಕಲಬುರಗಿಗೆ 1950ರ ಹೈದರಾಬಾದ್ ಕಾಯ್ದೆ, ಕರಾವಳಿಗೆ ಮದ್ರಾಸಿನವು, ಕೊಡಗಿಗೆ 1957ರ ಪ್ರತ್ಯೇಕ ಕಾಯ್ದೆ. ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆಯುವವರಿಗೂ ಎಚ್ಚರ ಬೇಕು: 1951ರಲ್ಲಿ 1952ರ ಕಾಯ್ದೆಯೂ ಇರಲಿಲ್ಲ. ಹಳೆಯ ಕಾನೂನುಗಳ ಪಟ್ಟಿ ಬೇಕಿದ್ದರೆ ಹೊಸ ಕಾಯ್ದೆಯ ಕೊನೆಗೆ ಹೋಗಿ, ರದ್ದತಿಯ ಕಲಂ ನೋಡಿ. ಭೂ ಸುಧಾರಣಾ ಕಾಯ್ದೆಯಲ್ಲಿ ಅದು 142. ಯಾವುದನ್ನು ತೆಗೆದುಹಾಕಿದರೋ ಅದೇ ಮೊದಲು ಇದ್ದದ್ದು.

ಅಚ್ಚಿನಲ್ಲಿದೆ ಎಂದ ಮಾತ್ರಕ್ಕೆ ಜೀವ ಇದೆ ಎಂದೂ ಅಲ್ಲ. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದು ಎಂಬ 48(8)ನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಒಪ್ಪಲಿಲ್ಲ. ತೀರ್ಪು ಪುಸ್ತಕದ ಅಕ್ಷರ ಅಳಿಸುವುದಿಲ್ಲ, ಆದ್ದರಿಂದ ಟಿಪ್ಪಣಿಯಲ್ಲಿ ತೀರ್ಪನ್ನೂ ಹೇಳಬೇಕು. 79ಎ ಕಥೆ ಇದಕ್ಕೆ ತದ್ವಿರುದ್ಧ. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳಕೂಡದು ಎನ್ನುತ್ತಿದ್ದ ಕಲಂ ಅದು. ಆ ಮಿತಿ ಏರುತ್ತ 2015ರಲ್ಲಿ 25 ಲಕ್ಷಕ್ಕೆ ಬಂತು, 2020ರ ತಿದ್ದುಪಡಿಯಲ್ಲಿ ಕಲಮೇ ಹೋಯಿತು. ಇಂದಿನ ಪಾಠ ಮಾತ್ರ ನೋಡಿದರೆ ಅದು ನಾಲ್ಕು ದಶಕ ಮೀರಿ ಆಳಿದ ಸುಳಿವು ಸಣ್ಣ ಅಕ್ಷರದಲ್ಲಷ್ಟೇ ಸಿಗುತ್ತದೆ.

ಉಲ್ಲೇಖದ ಶೈಲಿ ನಿಮ್ಮ ವಿಶ್ವವಿದ್ಯಾಲಯ ಹೇಳಿದ್ದು ಯಾವುದೇ ಇರಲಿ, ನಾನು ಹೀಗೆ ಬರೆಸುತ್ತೇನೆ: ‘ಮೈಸೂರು (ಈಗ ಕರ್ನಾಟಕ) ಭೂ ಸುಧಾರಣಾ ಕಾಯ್ದೆ, 1961 (1962ರ 10), ಕಲಂ 44, 1974ರ 1ನೇ ಕಾಯ್ದೆಯಿಂದ ತಿದ್ದಿದಂತೆ, 1-3-1974ರಿಂದ ಜಾರಿ.’ ಉದ್ದವಾಯಿತು ಎಂದು ಮಾರ್ಗದರ್ಶಕರು ಗೊಣಗಿದರೆ ಗೊಣಗಲಿ. ಒಂದೇ ಪ್ರಬಂಧದಲ್ಲಿ ಎರಡನೇ ಬಾರಿಗೆ ಚಿಕ್ಕ ಹೆಸರು ಸಾಕು. 1973ಕ್ಕೆ ಮುಂಚಿನ ಘಟನೆಗೆ ಬರಿಯ ‘ಕರ್ನಾಟಕ’ ಹೆಸರು ಹಾಕುವುದು ನನಗೆ ಒಗ್ಗುವುದಿಲ್ಲ. ಸಂಸ್ಥಾನದ ಕಾಲದವು ‘ರೆಗ್ಯುಲೇಶನ್’. 1894ರ ಬಾಲ್ಯವಿವಾಹ ತಡೆ ರೆಗ್ಯುಲೇಶನ್ನನ್ನು ಆಕ್ಟ್ ಎಂದು ತಿದ್ದಬೇಡಿ. ರೋಮನ್ ಅಂಕಿಯಲ್ಲಿರುವ ಸಂಖ್ಯೆಯನ್ನು ನಮ್ಮ ಅಂಕಿಗೆ ತರಬಹುದು, ಎಣಿಸಿ ತನ್ನಿ. ರಾಜ್ಯಪತ್ರ ಸಿಗದೆ ಖಾಸಗಿ ಪ್ರಕಾಶಕರ ಪುಸ್ತಕದಿಂದ ತೆಗೆದಿದ್ದರೆ ಆ ಪುಸ್ತಕವನ್ನೂ ಅದರ ಆವೃತ್ತಿಯನ್ನೂ ಹೆಸರಿಸಿ, ಕಾಣದ ರಾಜ್ಯಪತ್ರವನ್ನಲ್ಲ. ಇಂಗ್ಲಿಷ್ ಪಾಠವನ್ನು ನೀವೇ ಕನ್ನಡಿಸಿದ್ದರೆ ಅದೂ ಟಿಪ್ಪಣಿಗೆ ಬರಲಿ.

ಇನ್ನು ಗೇಣಿದಾರರು ಜಮೀನಿನ ಹಕ್ಕಿಗೆ ಅರ್ಜಿ ಹಾಕಿದ, ಕರಾವಳಿಯವರು ‘ಡಿಕ್ಲರೇಶನ್’ ಎನ್ನುವ ಆ ಪ್ರಸಿದ್ಧ 7ನೇ ನಮೂನೆಗಾಗಿ ಕಾಯ್ದೆಯನ್ನು ಪುಟಪುಟ ತಿರುವಬೇಡಿ. ಅರ್ಜಿ ಹಾಕುವ ಹಕ್ಕು 48ಎ ಕಲಮಿನಲ್ಲಿದೆ, ನಮೂನೆ ಇರುವುದು 1974ರ ಭೂ ಸುಧಾರಣಾ ನಿಯಮಗಳಲ್ಲಿ. ಎರಡನ್ನೂ ಪ್ರತ್ಯೇಕವಾಗಿ ಉಲ್ಲೇಖಿಸಬೇಕು.