ಹೊಸ ಆಲ್ಟರ್ನೇಟರ್ ಹಾಕಿದರೂ ಟ್ರಾಕ್ಟರ್ ಬ್ಯಾಟರಿ ಯಾಕೆ ಚಾರ್ಜ್ ಆಗುತ್ತಿಲ್ಲ?

ಪ್ರಶ್ನೆ: ನಮ್ಮದು ಹಳೆ ಮ್ಯಾಸಿ 35 ಟ್ರಾಕ್ಟರ್. ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಹಳೆ ಡೈನಮೋ ತೆಗೆದು, ಅದೇ ಕೆಲಸಕ್ಕೆ ಆಲ್ಟರ್ನೇಟರ್ ಕೂರಿಸಿದ್ದೇನೆ. ದಪ್ಪ ವೈರನ್ನು ಬ್ಯಾಟರಿ ಪ್ಲಸ್‌ಗೆ ಕೊಟ್ಟಿದ್ದೇನೆ. ಆದರೂ ಚಾರ್ಜ್ ಇಲ್ಲ. ಆಲ್ಟರ್ನೇಟರೇ ಕೆಟ್ಟಿದೆಯಾ?

ಉತ್ತರ: ಅದನ್ನು ಬಿಚ್ಚಿ ಅಂಗಡಿಗೆ ಒಯ್ಯಬೇಡಿ. ಮೊದಲು ಅದರ ಹಿಂಭಾಗ ನೋಡಿ. ದಪ್ಪ ವೈರಿನ ಬಿ ಪ್ಲಸ್ ಪಕ್ಕದಲ್ಲಿ ಒಂದು ಸಣ್ಣ ಟರ್ಮಿನಲ್ ಇರುತ್ತದೆ. ಡಿ ಪ್ಲಸ್, ಎಲ್ ಅಥವಾ ಐಎನ್‌ಡಿ ಅಂತ ಗುರುತಿರುತ್ತದೆ. ನೀವು ಅದನ್ನು ಖಾಲಿ ಬಿಟ್ಟಿದ್ದೀರಿ ಅನಿಸುತ್ತದೆ.

ಡೈನಮೋದ ಕಬ್ಬಿಣದಲ್ಲಿ ಅಯಸ್ಕಾಂತದ ಗುಣ ಒಂದಿಷ್ಟು ಉಳಿದಿರುತ್ತದೆ. ತಿರುಗಿದರೆ ಸಾಕು, ತಾನೇ ಕರೆಂಟ್ ಶುರು ಮಾಡುತ್ತದೆ. ಆಲ್ಟರ್ನೇಟರ್‌ಗೆ ಅಷ್ಟು ಸಾಲದು. ಒಳಗೆ ತಿರುಗುವ ಭಾಗಕ್ಕೆ, ಅಂದರೆ ರೋಟರ್‌ಗೆ, ಮೊದಲು ಬ್ಯಾಟರಿಯಿಂದಲೇ ಸ್ವಲ್ಪ ಕರೆಂಟ್ ಹೋಗಬೇಕು. ಆ ದಾರಿಯೇ ಸಣ್ಣ ವೈರ್. ಕೀಯಿಂದ ಚಾರ್ಜಿಂಗ್ ಲೈಟಿನ ಬಲ್ಬಿಗೆ, ಬಲ್ಬಿನಿಂದ ಡಿ ಪ್ಲಸ್‌ಗೆ.

ಈ ಚಾರ್ಜಿಂಗ್ ಲೈಟನ್ನು ಬಹಳ ಜನ ಸುಮ್ನೆ ಸೂಚನೆಗೆ ಇರುವುದು ಅಂದುಕೊಳ್ಳುತ್ತಾರೆ. ಹಾಗಲ್ಲ, ರೋಟರ್‌ಗೆ ಕರೆಂಟ್ ಹೋಗುವುದೇ ಅದರ ಮೂಲಕ. 12 ವೋಲ್ಟಿನ 2ರಿಂದ 3 ವ್ಯಾಟ್ ಮಾಮೂಲಿ ಬಲ್ಬೇ ಬೇಕು. ಬರೀ ಎಲ್‌ಇಡಿ ಹಾಕಿದರೆ ಅದರಲ್ಲಿ ಹರಿಯುವ ಕರೆಂಟ್ ಸಾಲುವುದಿಲ್ಲ. ಬಲ್ಬ್ ಬಿಟ್ಟು ನೇರವಾಗಿ ಜೋಡಿಸುವುದೂ ತಪ್ಪು. ಬ್ಯಾಟರಿಗೇ ಕೊಟ್ಟರೆ ರಾತ್ರಿಯೆಲ್ಲಾ ರೋಟರ್‌ಗೆ ಕರೆಂಟ್ ಹರಿದು, ಬೆಳಿಗ್ಗೆ ಸೆಲ್ಫ್ ಎಳೆಯುವುದೇ ಇಲ್ಲ.

ಸರಿಯಾಗಿದ್ದರೆ ಕೀ ಹಾಕಿದಾಗ ಲೈಟ್ ಹತ್ತಬೇಕು, ಇಂಜಿನ್ ಓಡಿದ ಮೇಲೆ ಆರಬೇಕು. ಡೀಸೆಲ್ ಗಾಡಿ ಅಲ್ವಾ, ಸ್ಟಾಪ್ ರಾಡ್ ಎಳೆದು ಕೀ ಆಫ್ ಮಾಡಲು ಮರೆತು ಹೋಗುವವರೇ ಜಾಸ್ತಿ. ಈ ಲೈಟ್ ಅದನ್ನೂ ನೆನಪಿಸುತ್ತದೆ.

ಇನ್ನೊಂದು ಮುಖ್ಯ ವಿಷಯ. ಡೈನಮೋ ಕಾಲದಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಅನೇಕ ಟ್ರಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ ಅನ್ನು ಟ್ರಾಕ್ಟರಿನ ಲೋಹದ ಬಾಡಿಗೆ ಜೋಡಿಸಿರುತ್ತಿದ್ದರು. ಇವತ್ತಿನ ಆಲ್ಟರ್ನೇಟರ್‌ಗೆ ಮೈನಸ್ ಬಾಡಿಗಿರಬೇಕು. ಉಲ್ಟಾ ಆದರೆ ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ನಿಮ್ಮದು ಹಾಗಿದ್ದರೆ ಬ್ಯಾಟರಿ ಕೇಬಲ್‌ಗಳನ್ನು ಅದಲು ಬದಲು ಮಾಡಿ. ಸೆಲ್ಫ್ ಮೋಟಾರ್ ಹಿಂದಕ್ಕೆ ತಿರುಗೀತು ಅಂತ ಭಯ ಬೇಡ, ಅದು ಮೊದಲಿನಂತೆಯೇ ತಿರುಗುತ್ತದೆ. ಆಂಪ್ ಮೀಟರಿನ ಎರಡು ವೈರುಗಳನ್ನು ಮಾತ್ರ ಬದಲಿಸಿ.

ಡೈನಮೋದ ಚಾರ್ಜ್ ನಿಯಂತ್ರಿಸುತ್ತಿದ್ದ ಹಳೆ ಕಟೌಟ್ ಬಾಕ್ಸ್ ಇನ್ನು ಬೇಡ. ಅದರಲ್ಲಿದ್ದ ಎ ಮತ್ತು ಎ1 ವೈರುಗಳನ್ನು ಒಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಹೆಡ್‌ಲೈಟಿಗೆ ಕರೆಂಟ್ ಬರುವುದಿಲ್ಲ. ಡೈನಮೋ ಕೊಡುತ್ತಿದ್ದುದು ಸುಮಾರು 20 ಆಂಪಿಯರ್. ಆಲ್ಟರ್ನೇಟರ್ 35 ಅಥವಾ ಇನ್ನೂ ಜಾಸ್ತಿ ಕೊಡುತ್ತದೆ. ಹಾಗಾಗಿ ಬಿ ಪ್ಲಸ್‌ಗೆ ಹಳೆ ವೈರ್ ಬೇಡ, ಕನಿಷ್ಠ 6 ಚದರ ಮಿಲಿಮೀಟರಿನ ಹೊಸ ವೈರ್ ಎಳೆಯಿರಿ.

ಆಮೇಲೆ ಮಲ್ಟಿಮೀಟರ್ ಹಿಡಿದು ಬ್ಯಾಟರಿ ನೋಡಿ. ಇಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ರೇಸ್ ಕೊಟ್ಟಾಗ 13.8ರಿಂದ 14.4. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ.

ಡೈನಮೋ ಕಾಲದಲ್ಲಿ ಚಾರ್ಜ್ ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು ನೋಡುವ ರೂಢಿ ಇತ್ತು. ಈಗ ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಒಳಗಿನ ಡಯೋಡ್ ಹೋಗುತ್ತದೆ. ಟ್ರಾಕ್ಟರಿಗೆ ವೆಲ್ಡಿಂಗ್ ಮಾಡಿಸುವಾಗಲೂ ಅಷ್ಟೇ. ಮೊದಲು ಇಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ನಂತರ ಆಲ್ಟರ್ನೇಟರಿನ ವೈರುಗಳನ್ನು ತೆಗೆದಿಡಿ.