ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ನಾಳೆಗೆ ಉಳಿಸಬೇಡಿ

ಕಣ್ಣಿನ ಡ್ರಾಪ್ಸ್‌ನಲ್ಲಿರುವ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಒಳ್ಳೆಯದಲ್ಲ ಎಂಬ ಮಾತು ಜನರಿಗೆ ತಲುಪಿದೆ, ಆದರೆ ಅರ್ಧ ಮಾತ್ರ. ದುಬಾರಿಯಾದರೂ ಸರಿ ಎಂದು ಪ್ರಿಸರ್ವೇಟಿವ್ ಇಲ್ಲದ ಪುಟ್ಟ ಪ್ಲಾಸ್ಟಿಕ್ ವಯಲ್‌ಗಳನ್ನು ಕೇಳಿ ಒಯ್ಯುತ್ತಾರೆ. ಮನೆಯಲ್ಲಿ ಅದರ ತುದಿ ಮುರಿದು ಎರಡು ಹನಿ ಹಾಕಿಕೊಂಡು, ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನ ಬಳಸುತ್ತಾರೆ. 0.4 ಎಂಎಲ್ ವಯಲ್‌ನಲ್ಲಿ ಸುಮಾರು ಎಂಟು ಹನಿ ಇರುತ್ತದೆ. ಕಾಸು ಕೊಟ್ಟು ತಂದದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು. ಆದರೂ ದಯವಿಟ್ಟು ಚೆಲ್ಲಿ.

ಸೀಲ್ ಒಡೆಯುವ ತನಕ ಔಷಧಿಯಲ್ಲಿ ಸೂಕ್ಷ್ಮಾಣು ಇರುವುದಿಲ್ಲ. ಒಡೆದ ಮೇಲೆ ರೆಪ್ಪೆಗೂದಲು, ಬೆರಳು ತಗುಲಿದಾಗೆಲ್ಲ ಒಳಹೋಗುವ ಸೂಕ್ಷ್ಮಾಣುವನ್ನು ಕೊಲ್ಲುವುದು ಪ್ರಿಸರ್ವೇಟಿವ್‌ನ ಕೆಲಸ. ಅದಿಲ್ಲದ ದ್ರವದಲ್ಲಿ ತಡೆಯುವವರೇ ಇಲ್ಲ. ಫ್ರಿಜ್ಜಿನ ತಂಪು ಸೂಕ್ಷ್ಮಾಣುವಿನ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೇ, ಕೊಲ್ಲುವುದಿಲ್ಲ. ಸ್ಯೂಡೋಮೊನಾಸ್ ಎಂಬ ಸೂಕ್ಷ್ಮಾಣುವಿನ ಸೋಂಕು ತಗುಲಿದರೆ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ) ಹುಣ್ಣಾಗಿ ಒಂದೆರಡು ದಿನದಲ್ಲೇ ದೃಷ್ಟಿಗೆ ಕುತ್ತು ಬರಬಹುದು. 2023ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ಡ್ರಾಪ್ಸ್‌ನೊಂದಿಗೆ ತಳಕು ಹಾಕಿಕೊಂಡ ಇದೇ ಸೂಕ್ಷ್ಮಾಣುವಿನ ಸೋಂಕು 81 ಜನರಲ್ಲಿ ಪತ್ತೆಯಾಯಿತು. 14 ಜನರ ದೃಷ್ಟಿ ಹೋಯಿತು, ನಾಲ್ವರು ತೀರಿಕೊಂಡರು. ಹಲವು ಸಲ ಬಳಸುವ ಬಾಟಲಿಯಲ್ಲಿ ಸಾಕಷ್ಟು ಪ್ರಿಸರ್ವೇಟಿವ್ ಇಲ್ಲದಿರುವುದೂ ಅಲ್ಲಿ ಕಂಡ ಲೋಪಗಳಲ್ಲಿ ಒಂದು.

ಮುಚ್ಚಳವನ್ನು ಮತ್ತೆ ಹಾಕಬಹುದಾದ ಕೆಲವು ವಯಲ್‌ಗಳನ್ನು 12 ಗಂಟೆ ಬಳಸಬಹುದೆಂದು ಲೇಬಲ್ಲಿನಲ್ಲೇ ಬರೆದಿರುತ್ತದೆ. ಬರೆದಿದ್ದರೆ ಮಾತ್ರ ಹಾಗೆ ಮಾಡಿ. ಸೂಕ್ಷ್ಮಾಣು ಒಳಹೋಗದಂತೆ ತಡೆಯುವ ಫಿಲ್ಟರ್ ಅಥವಾ ವಾಲ್ವ್ ಇರುವ ಬಾಟಲಿಗಳ ಲೆಕ್ಕ ಬೇರೆ. ಅದರಲ್ಲಿರುವುದನ್ನು ಇನ್ನೊಂದು ಬಾಟಲಿಗೆ ಸುರಿಯಬೇಡಿ.

ಹಾಗಾದರೆ ಪ್ರಿಸರ್ವೇಟಿವ್‌ನಿಂದ ತೊಂದರೆಯೇ ಇಲ್ಲವೇ? ಇದೆ. ಹೆಚ್ಚು ಬಳಕೆಯಲ್ಲಿರುವುದು ಬೆಂಜಾಲ್ಕೋನಿಯಂ ಕ್ಲೋರೈಡ್, ಸಾಮಾನ್ಯವಾಗಿ 0.01% ಆಸುಪಾಸು, ಗ್ಲಾಕೋಮಾದ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆ) ಕೆಲವು ಔಷಧಿಗಳಲ್ಲಿ 0.02%. ಇದು ಸೋಪಿನ ಹಾಗೆ ವರ್ತಿಸುವ ರಾಸಾಯನಿಕ: ಸೂಕ್ಷ್ಮಾಣುವಿನ ಪೊರೆಯನ್ನು ಒಡೆಯುವಂತೆಯೇ ಕಣ್ಣೀರಿನ ಮೇಲಿನ ಎಣ್ಣೆಯ ಪದರವನ್ನೂ ಕದಡುತ್ತದೆ, ಕಾರ್ನಿಯಾದ ಮೇಲ್ಪದರದ ಕೋಶಗಳನ್ನೂ ಸವೆಸುತ್ತದೆ. ಉರಿ, ಕೆಂಪು, ಮರಳು ಬಿದ್ದಂತೆ ಚುಚ್ಚುವುದು ಅದರ ಲಕ್ಷಣಗಳು. ದಿನಕ್ಕೆ ನಾಲ್ಕು ಸಲದಂತೆ ಒಂದು ವಾರ ಆಂಟಿಬಯಾಟಿಕ್ ಹಾಕಿಕೊಳ್ಳುವ ಆರೋಗ್ಯವಂತ ಕಣ್ಣು ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ತೊಂದರೆಯಾಗುವುದು ಒಣಗಣ್ಣಿನವರಿಗೆ, ದಿನಕ್ಕೆ ಆರೇಳು ಬಾರಿ ಹನಿ ಹಾಕುವವರಿಗೆ, ಎರಡು ಮೂರು ಬಾಟಲಿಗಳನ್ನು ವರ್ಷಗಟ್ಟಲೆ ಬಳಸುವ ಗ್ಲಾಕೋಮಾ ರೋಗಿಗಳಿಗೆ. ಪ್ರಿಸರ್ವೇಟಿವ್‌ನ ಹೆಸರು, ಪ್ರಮಾಣ ನಮ್ಮ ದೇಶದ ಲೇಬಲ್ಲಿನಲ್ಲಿ ಇರಲೇಬೇಕು; ಎಲ್ಲ ಬಾಟಲಿಗಳನ್ನೂ ಒಟ್ಟಿಗೆ ತಂದು ವೈದ್ಯರಿಗೆ ತೋರಿಸಿ. ಮೆದು ಕಾಂಟ್ಯಾಕ್ಟ್ ಲೆನ್ಸ್ ಈ ರಾಸಾಯನಿಕವನ್ನು ಹೀರಿಕೊಳ್ಳುತ್ತದೆ. ಲೆನ್ಸ್ ತೆಗೆದು ಹನಿ ಹಾಕಿ, 15 ನಿಮಿಷ ಬಿಟ್ಟು ಮತ್ತೆ ಧರಿಸಿ.

ಪ್ರಿಸರ್ವೇಟಿವ್ ಇರುವ ಬಾಟಲಿಯೂ ತೆರೆದ ಮೇಲೆ ಒಂದೇ ತಿಂಗಳು, ಲೇಬಲ್ಲಿನಲ್ಲಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ. ಎಕ್ಸ್‌ಪೈರಿ ತಾರೀಖು ಸೀಲ್ ಒಡೆಯದ ಬಾಟಲಿಗೆ ಸಂಬಂಧಿಸಿದ್ದು. ತೆರೆದ ದಿನವನ್ನು ಪೆನ್ನಿನಲ್ಲಿ ಅದರ ಮೇಲೆ ಬರೆಯಿರಿ.

ಗ್ಲಾಕೋಮಾ ಇರುವವರಿಗೆ ವಿಶೇಷವಾಗಿ ಕೇಳಿಕೊಳ್ಳುವುದು ಇಷ್ಟು. ಉರಿಯುತ್ತದೆಂದು ಡ್ರಾಪ್ಸ್ ನಿಲ್ಲಿಸಬೇಡಿ. ಕಣ್ಣಿನ ಒತ್ತಡ ಏರುವುದು ಬಹುತೇಕ ನೋವಿಲ್ಲದೆ, ಹೋದ ನರ ಮರಳುವುದಿಲ್ಲ. ಪ್ರಿಸರ್ವೇಟಿವ್ ಇಲ್ಲದ್ದು ಅಥವಾ ಬೇರೆ ಪ್ರಿಸರ್ವೇಟಿವ್ ಇರುವುದು ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಬದಲಿ ಔಷಧಿ ಕೈಸೇರುವ ತನಕ ಹಳೆಯದನ್ನೇ ಹಾಕಿಕೊಳ್ಳಿ.